ಮೇಲ್ಛಾವಣಿ ಸೌರ ವಿದ್ಯುತ್ ಘಟಕ: ದೇಶೀಯ ಫಲಕದ ಷರತ್ತು ಮತ್ತು ಅದರ ಹಿನ್ನೆಲೆ

ಮನೆಯ ಮೇಲ್ಛಾವಣಿಯಲ್ಲಿ ಸೌರ ವಿದ್ಯುತ್ ಘಟಕ ಸ್ಥಾಪಿಸಿಕೊಂಡು ಕೇಂದ್ರ ಸರ್ಕಾರದ ಸಹಾಯಧನ ಪಡೆಯಬಯಸುವ ಗ್ರಾಹಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಅರ್ಜಿದಾರರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಮಾರುಕಟ್ಟೆಯಲ್ಲಿ ಅಗ್ಗದ ಫಲಕಗಳು ದೊರೆಯುತ್ತಿರುವಾಗ ದುಬಾರಿಯಾದ ದೇಶೀಯ ಫಲಕವನ್ನೇ ಏಕೆ ಅಳವಡಿಸಬೇಕು? ಇದು ಕೇವಲ ಕಚೇರಿಯ ನಿಯಮವಲ್ಲ. ಇದರ ಹಿಂದೆ ಅಂತರರಾಷ್ಟ್ರೀಯ ವ್ಯಾಪಾರದ ದೀರ್ಘ ವಿವಾದವೊಂದಿದೆ.

2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯು 1 ಕೋಟಿ ಮನೆಗಳ ಗುರಿಯನ್ನು ಹೊಂದಿದ್ದು, ಅದಕ್ಕೆ 75,021 ಕೋಟಿ ರೂ. ನಿಗದಿಪಡಿಸಲಾಯಿತು. ಯೋಜನೆಯಂತೆ ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂ., ಮೂರನೆಯ ಕಿಲೋವ್ಯಾಟ್‌ಗೆ 18,000 ರೂ. ಸಹಾಯಧನವಿದೆ. 3 ಕಿಲೋವ್ಯಾಟ್ ಹಾಗೂ ಅದಕ್ಕೂ ಮೇಲ್ಪಟ್ಟ ಘಟಕಗಳಿಗೆ ಒಟ್ಟು 78,000 ರೂ.ಗೆ ಮಿತಿಗೊಳಿಸಲಾಗಿದೆ. ಸದರಿ ಸಹಾಯಧನಕ್ಕೆ ಅರ್ಹವಾಗಲು ಫಲಕವಷ್ಟೇ ಅಲ್ಲದೆ ಅದರೊಳಗಿನ ಸೌರಕೋಶಗಳೂ ಭಾರತದಲ್ಲಿಯೇ ತಯಾರಾಗಿರತಕ್ಕದ್ದು. ಹೊರದೇಶದ ಕೋಶಗಳನ್ನು ತರಿಸಿ ಇಲ್ಲಿ ಜೋಡಿಸಿದ ಫಲಕದ ಮೇಲೆ ಭಾರತೀಯ ಕಂಪನಿಯ ಹೆಸರಿದ್ದರೂ ಅದು ಷರತ್ತನ್ನು ಪೂರೈಸುವುದಿಲ್ಲ. ಅರ್ಜಿದಾರರು ಹೆಚ್ಚಾಗಿ ಮೋಸ ಹೋಗಬಹುದಾದ ಅಂಶ ಇದೇ ಆಗಿದೆ.

ಈ ಷರತ್ತಿನ ಮೂಲ 2010ರ ಜನವರಿಯಲ್ಲಿ ಆರಂಭಗೊಂಡ ಜವಾಹರಲಾಲ್ ನೆಹರು ರಾಷ್ಟ್ರೀಯ ಸೌರ ಮಿಷನ್‌ನಲ್ಲಿದೆ. ಮಿಷನ್ ಅಡಿಯಲ್ಲಿ ವಿದ್ಯುತ್ ಮಾರುವ ಕೆಲವು ಉತ್ಪಾದಕರು ದೇಶೀಯ ಕೋಶ ಮತ್ತು ಫಲಕಗಳನ್ನು ಬಳಸಬೇಕೆಂದು ವಿಧಿಸಲಾಗಿತ್ತು. ಇದರ ವಿರುದ್ಧ ಅಮೆರಿಕವು 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆ ಹೋಯಿತು. ಸರ್ಕಾರಿ ಖರೀದಿಗೆ ವಿನಾಯಿತಿ ಇದೆಯೆಂಬುದು ಭಾರತದ ವಾದವಾಗಿತ್ತು. ಆದರೆ ಸರ್ಕಾರ ಖರೀದಿಸುತ್ತಿದ್ದುದು ವಿದ್ಯುತ್ತನ್ನು, ಷರತ್ತು ವಿಧಿಸಿದ್ದು ಫಲಕಗಳ ಮೇಲೆ. ಇವೆರಡೂ ಬೇರೆ ಬೇರೆ ಸರಕುಗಳೆಂಬ ಕಾರಣದಿಂದ ಆ ವಾದ ನಿಲ್ಲಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಮಂಡಳಿಯೂ ಭಾರತದ ವಿರುದ್ಧವೇ ತೀರ್ಪು ನೀಡಿತು. ಅಮೆರಿಕದ ಹಲವು ರಾಜ್ಯಗಳು ಸ್ಥಳೀಯ ಸಾಮಗ್ರಿಗೆ ಇದೇ ಬಗೆಯ ಪ್ರೋತ್ಸಾಹ ನೀಡುತ್ತಿದ್ದುದನ್ನು ಭಾರತವೂ ಪ್ರಶ್ನಿಸಿತು. 2019ರಲ್ಲಿ ಆ ಪ್ರಕರಣದಲ್ಲಿ ವಿಚಾರಣಾ ಸಮಿತಿಯ ತೀರ್ಮಾನ ಭಾರತದ ಪರವಾಗಿ ಬಂದಿತು. 2023ರ ಜೂನ್‌ನಲ್ಲಿ ಉಭಯ ದೇಶಗಳು ಇವೆರಡನ್ನೂ ಒಳಗೊಂಡಂತೆ ಆರು ವ್ಯಾಜ್ಯಗಳನ್ನು ಪರಸ್ಪರ ಒಪ್ಪಿಗೆಯಿಂದ ಕೊನೆಗೊಳಿಸಿದವು.

ಅಷ್ಟರಲ್ಲಿ ಚಿತ್ರ ಬದಲಾಗಿತ್ತು. ಪಾಲಿಸಿಲಿಕಾನ್‌ನಿಂದ ಹಿಡಿದು ಫಲಕದವರೆಗಿನ ಪ್ರತಿಯೊಂದು ತಯಾರಿಕಾ ಹಂತದಲ್ಲಿಯೂ ಚೀನಾದ ಪಾಲು ಶೇ. 80ನ್ನು ಮೀರಿದೆಯೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2022ರಲ್ಲಿ ತಿಳಿಸಿತು. ಭಾರತವು 2018ರ ಜುಲೈನಿಂದ ರಕ್ಷಣಾ ಸುಂಕವನ್ನು, 2022ರ ಏಪ್ರಿಲ್ 1ರಿಂದ ಫಲಕಗಳ ಮೇಲೆ ಶೇ. 40 ಹಾಗೂ ಕೋಶಗಳ ಮೇಲೆ ಶೇ. 25ರಷ್ಟು ಮೂಲ ಆಮದು ಸುಂಕವನ್ನು ವಿಧಿಸಿತು. 2025ರ ಆಯವ್ಯಯದಲ್ಲಿ ಎರಡನ್ನೂ ಶೇ. 20ಕ್ಕೆ ಇಳಿಸಲಾಯಿತಾದರೂ, ಜೊತೆಯಲ್ಲಿಯೇ ಸೆಸ್ ಸೇರಿಸಿದ್ದರಿಂದ ಆಮದುದಾರರ ಹೊರೆ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಗ್ರಾಹಕರಿಗೆ ನಿಜವಾಗಿ ಅನುಕೂಲವಾದದ್ದು ಸರಕು ಮತ್ತು ಸೇವಾ ತೆರಿಗೆಯ ಬದಲಾವಣೆಯಿಂದ: 2021ರ ಅಕ್ಟೋಬರ್‌ನಲ್ಲಿ ಶೇ. 12ಕ್ಕೆ ಏರಿದ್ದ ದರವನ್ನು 2025ರ ಸೆಪ್ಟೆಂಬರ್ 22ರಿಂದ ಪುನಃ ಶೇ. 5ಕ್ಕೆ ಇಳಿಸಲಾಯಿತು.

ಸುಂಕದ ಗೋಡೆ ಮತ್ತು ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ನೆರವಿನಿಂದ ದೇಶದಲ್ಲಿ ಫಲಕ ತಯಾರಿಕೆ ವೇಗವಾಗಿ ಬೆಳೆದಿದೆ. ಕೋಶ ತಯಾರಿಕೆ ಹಿಂದುಳಿದಿದೆ. ಬೇಡಿಕೆಯಷ್ಟು ದೇಶೀಯ ಕೋಶಗಳು ದೊರೆಯದಿರುವುದೇ ಷರತ್ತು ಪೂರೈಸುವ ಫಲಕಗಳ ಬೆಲೆ ಹೆಚ್ಚಿರಲು ಮುಖ್ಯ ಕಾರಣ. ಇಂಧನದಲ್ಲಿ ಒಂದೇ ದೇಶದ ಮೇಲೆ ಅವಲಂಬಿತವಾಗುವುದು ಅಪಾಯಕಾರಿಯೆಂದು ಒಂದು ಪಕ್ಷವು ವಾದಿಸಿದರೆ, ಕಾರ್ಖಾನೆಯ ವೆಚ್ಚವನ್ನು ಮನೆಯೊಡೆಯರ ತಲೆಗೆ ಕಟ್ಟಲಾಗುತ್ತಿದೆಯೆಂದು ಇನ್ನೊಂದು ಪಕ್ಷವು ಹೇಳುತ್ತದೆ. ಎರಡೂ ಮಾತುಗಳಲ್ಲಿ ಹುರುಳಿದೆ. ಭಾರತದಿಂದ ರಫ್ತಾಗುವ ಫಲಕಗಳ ಮೇಲೆ 2025ರಲ್ಲಿ ಅಮೆರಿಕವೇ ತನಿಖೆ ಆರಂಭಿಸಿತೆಂಬುದನ್ನೂ ಇಲ್ಲಿ ಗಮನಿಸಬಹುದು.

ಕರ್ನಾಟಕದ ಗ್ರಾಹಕರ ಲೆಕ್ಕಾಚಾರ ಸ್ವಲ್ಪ ಬೇರೆ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಬೃಹತ್ ಸೌರ ಪಾರ್ಕ್ ಹೊಂದಿರುವ ರಾಜ್ಯದಲ್ಲಿ ಮನೆಯ ಛಾವಣಿಗಳು ಮಾತ್ರ ಹಿಂದೆ ಉಳಿದಿವೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲು ಶೂನ್ಯವಾಗುವ ಕುಟುಂಬಕ್ಕೆ ಸ್ವಂತ ಹಣ ಹೂಡುವ ತುರ್ತು ಕಾಣದಿರುವುದು ಸಹಜ. 1 ಕಿಲೋವ್ಯಾಟ್ ಘಟಕವು ತಿಂಗಳಿಗೆ ಸರಿಸುಮಾರು 100ರಿಂದ 120 ಯೂನಿಟ್ ಉತ್ಪಾದಿಸುತ್ತದೆ. ಅದಕ್ಕೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಛಾವಣಿ ಬೇಕು. ಬಳಕೆಯು 200 ಯೂನಿಟ್ ಮೀರಿ ಪೂರ್ಣ ಬಿಲ್ಲು ತೆರುತ್ತಿರುವ ಮನೆಗಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳಿತು.

ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸತಕ್ಕದ್ದು. ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕರ ಖಾತೆ ಸಂಖ್ಯೆ ಹಾಗೂ ಸಂಬಂಧಿಸಿದ ವಿದ್ಯುತ್ ಸರಬರಾಜು ಕಂಪನಿಯ ಹೆಸರನ್ನು ನಮೂದಿಸಬೇಕು. ನೋಂದಾಯಿತ ಮಾರಾಟಗಾರರ ಮೂಲಕವೇ ಕಾಮಗಾರಿ ನಡೆದು, ನೆಟ್ ಮೀಟರ್ ಅಳವಡಿಕೆ ಮತ್ತು ಪರಿಶೀಲನೆ ಮುಗಿದ ಬಳಿಕವೇ ಸಹಾಯಧನವು ಅರ್ಜಿದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ; ಮೊದಲು ಪೂರ್ಣ ಮೊತ್ತವನ್ನು ಸಾಲದಿಂದಲೋ ಸ್ವಂತ ಹಣದಿಂದಲೋ ಹೊಂದಿಸಿಕೊಳ್ಳಬೇಕಾಗುತ್ತದೆ. ಆದುದರಿಂದ ಕರಾರಿಗೆ ಸಹಿ ಹಾಕುವ ಮುನ್ನ, ಕೋಶ ಮತ್ತು ಫಲಕ ಎರಡೂ ದೇಶೀಯವೆಂದು ಲಿಖಿತ ದೃಢೀಕರಣವನ್ನು ಮಾರಾಟಗಾರರಿಂದ ಪಡೆಯುವುದು ಸೂಕ್ತ. ಫಲಕಗಳು ಮನೆಗೆ ಬಂದ ದಿನವೇ, ಛಾವಣಿಗೆ ಏರಿಸುವ ಮೊದಲು, ಪ್ರತಿಯೊಂದರ ಕ್ರಮಸಂಖ್ಯೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಒಮ್ಮೆ ಬಿಗಿದ ಫಲಕದ ಹಿಂಬದಿಯ ಚೀಟಿಯನ್ನು ಓದುವುದು ಕಷ್ಟ.