ನಿಧಾನದ ಓಟಕ್ಕೂ ಒಂದು ಇತಿಹಾಸ

ಮೊದಲ ಮ್ಯಾರಥಾನ್‌ಗೆ ತಯಾರಾಗುವವರಿಗೆ ಹಿರಿಯ ಓಟಗಾರರು ಹೇಳುವ ಮಾತೊಂದಿದೆ: ನಡುವೆ ಒಂದು ಹಾಫ್ ಮ್ಯಾರಥಾನ್ ಓಡಿ, ಆದರೆ ಗಡಿಯಾರ ನೋಡದೆ, ಆರಾಮವಾಗಿ. ದುಡ್ಡು ಕಟ್ಟಿ, ಎದೆಗೆ ಸಂಖ್ಯೆ ಸಿಕ್ಕಿಸಿಕೊಂಡು, ಬೇಕೆಂದೇ ನಿಧಾನ ಓಡುವುದೇ? ಈ ಮಾತಿನ ಬೇರು ಹುಡುಕುತ್ತ ಹೋದ ನನಗೆ ಸಿಕ್ಕವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ (1917–2004).

ಲಿಡಿಯಾರ್ಡ್ ಆಕ್ಲೆಂಡಿನಲ್ಲಿ ಬೂಟು ತಯಾರಿಕೆಯ ಕೆಲಸದಲ್ಲಿದ್ದವರು. ಆ ಕಾಲದ ಓಟಗಾರರು ಸಣ್ಣ ಸಣ್ಣ ದೂರಗಳನ್ನು ಬಿರುಸಾಗಿ ಮತ್ತೆ ಮತ್ತೆ ಓಡಿ ಅಭ್ಯಾಸ ಮಾಡುತ್ತಿದ್ದರು. ಎಮಿಲ್ ಜಾಟೊಪೆಕ್ ಹಾಗೆ ಪಳಗಿಯೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ತಮ್ಮ ಮೊಟ್ಟಮೊದಲ ಮ್ಯಾರಥಾನನ್ನು ಗೆದ್ದರು. ಲಿಡಿಯಾರ್ಡ್ ಬೇರೆ ದಾರಿ ಹಿಡಿದರು. ವರ್ಷಗಟ್ಟಲೆ ತಮ್ಮ ಮೈಮೇಲೆಯೇ ಪ್ರಯೋಗ ನಡೆಸಿ, ಉಸಿರು ಕೆಡದ ವೇಗದಲ್ಲಿ ವಾರಕ್ಕೆ ಸುಮಾರು 160 ಕಿಲೋಮೀಟರ್ ಓಡಿದರೆ ದೇಹಕ್ಕೆ ಗಟ್ಟಿ ಅಡಿಪಾಯ ಬೀಳುತ್ತದೆ ಎಂದು ಕಂಡುಕೊಂಡರು. ವೇಗದ ಅಭ್ಯಾಸ ಆಮೇಲಿನದು.

ಅವರ ಶಿಷ್ಯರೆಲ್ಲ ವೈಟಾಕೆರೆ ಬೆಟ್ಟಸಾಲಿನಲ್ಲಿ ಸುಮಾರು 35 ಕಿಲೋಮೀಟರ್ ಓಡುತ್ತಿದ್ದರು. 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ಗೂ ವಿನಾಯಿತಿ ಇರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್, ಮರ್ರೆ ಹಾಲ್‌ಬರ್ಗ್ 5000 ಮೀಟರ್ ಚಿನ್ನವನ್ನು ಒಂದೇ ದಿನ ಗೆದ್ದರು. ಮ್ಯಾರಥಾನ್ ಕಂಚು ಬ್ಯಾರಿ ಮಗೀ ಪಾಲಾಯಿತು. ಮೂವರೂ ಒಬ್ಬನೇ ಗುರುವಿನ ಗರಡಿಯವರು.

ನನಗೆ ಪದಕಗಳಿಗಿಂತ ದೊಡ್ಡದಾಗಿ ಕಾಣುವುದು ಮುಂದಿನ ಕಥೆ. ಲಿಡಿಯಾರ್ಡ್ ಇದೇ ತತ್ವವನ್ನು ಆಕ್ಲೆಂಡಿನ ನಡುವಯಸ್ಸಿನ ಸಾಮಾನ್ಯರಿಗೂ ಕಲಿಸಿದರು: ಮಾತಾಡುತ್ತ ಓಡುವಷ್ಟೇ ವೇಗ ಸಾಕು. 1962ರಲ್ಲಿ ಅಲ್ಲಿಗೆ ಬಂದ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್, ತಮಗಿಂತ ಬಹಳ ಹಿರಿಯರೊಬ್ಬರ ಜೊತೆ ಓಡಲಾರದೆ ಹಿಂದುಳಿದರು. ಊರಿಗೆ ಮರಳಿ ಜಾಗಿಂಗ್ ಪ್ರಚಾರಕ್ಕೆ ನಿಂತರು. ಓಟ ಪದಕ ಗೆಲ್ಲುವವರ ಕೈಯಿಂದ ಜನರ ಕಾಲಿಗೆ ಬಂದದ್ದು ಹೀಗೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅನೇಕರಿಗೆ 30 ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಕೊಬ್ಬನ್ನು ಉರಿಸಿ ಓಡುವುದನ್ನು ದೇಹ ಕಲಿಯುವುದು ನಿಧಾನದ ದೀರ್ಘ ಓಟಗಳಲ್ಲೇ. ಹಾಫ್ ಮ್ಯಾರಥಾನನ್ನು ಜೀವ ಬಿಟ್ಟು ಓಡಿದರೆ ಸುಧಾರಿಸಿಕೊಳ್ಳಲು ದಿನಗಳೇ ಬೇಕು. ಆರಾಮವಾಗಿ ಓಡಿದರೆ ನೀರು, ಬೂಟು, ಜನಜಂಗುಳಿ ಎಲ್ಲದರ ಪರೀಕ್ಷೆಯೂ ಆಗುತ್ತದೆ, ಅಭ್ಯಾಸವೂ ಬೇಗ ಮುಂದುವರಿಯುತ್ತದೆ.

ಅಲ್ಲಿ ಕಷ್ಟಪಡುವುದು ಕಾಲಲ್ಲ, ಅಹಂ. ಪಕ್ಕದವರು ದಾಟಿ ಹೋಗುವಾಗ ಸುಮ್ಮನೆ ಬಿಟ್ಟುಕೊಡಬೇಕು. ನನ್ನ ಮೊದಲ ಮ್ಯಾರಥಾನ್‌ಗೆ ಮುನ್ನ ನಾನು ಕಲಿಯಬೇಕಾದದ್ದು ಅದನ್ನೇ.