ಚಿತ್ರಗಳನ್ನು ಹೊತ್ತ ತಟ್ಟೆಗಳು

ಮನೆಯಲ್ಲಿ ಮದುವೆ ಮುಂಜಿಗಳಾದರೆ ಹಿಂದೆ ಫೋಟೋಗ್ರಾಫರನು ಒಂದು ಆಲ್ಬಮ್ ತಂದುಕೊಟ್ಟು ಹೋಗುತ್ತಿದ್ದ. ಈಗ ಅವನು ಕೊಡುವುದು ಸಾವಿರಾರು ಚಿತ್ರಗಳನ್ನೂ ಹಲವು ಗಂಟೆಗಳ ವಿಡಿಯೋವನ್ನೂ ತುಂಬಿಕೊಂಡ ಅಂಗೈಯಗಲದ ಒಂದು ಡಬ್ಬಿ. ಅವನ್ನು ಕಂಪ್ಯೂಟರಿನಲ್ಲಿ ತಾವೇ ತಿದ್ದಿ ಜೋಡಿಸೋಣವೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ಹಾರ್ಡ್ ಡಿಸ್ಕ್ ಕೊಳ್ಳಬೇಕು ಎಂಬುದು. ಅಂಗಡಿಯವನು ಒಂದು ಅಂಕಿಯನ್ನು ಹೇಳುತ್ತಾನೆ: ಇಷ್ಟು ಟೆರಾಬೈಟ್, ಇಷ್ಟು ರೂಪಾಯಿ. ಅವನ ಉತ್ತರ ಸುಳ್ಳಲ್ಲ, ಅಪೂರ್ಣ ಅಷ್ಟೆ. ಈ ತಟ್ಟೆಗಳು ನಡೆದುಬಂದ ಸುಮಾರು ಎಪ್ಪತ್ತು ವರ್ಷಗಳ ದಾರಿಯನ್ನು ಒಮ್ಮೆ ನೋಡಿದರೆ, ಒಂದೇ ತಟ್ಟೆಯಿಂದ ಎಲ್ಲ ಕೆಲಸವೂ ಏಕೆ ಆಗಲಾರದೆಂಬುದು ತಾನಾಗಿ ತಿಳಿಯುತ್ತದೆ.

ಹಾರ್ಡ್ ಡಿಸ್ಕ್ ಎಂದರೆ ಗಟ್ಟಿ ತಟ್ಟೆ. ಅದು ಹುಟ್ಟಿದ್ದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಊರಿನಲ್ಲಿ. ಅಲ್ಲಿನ ಐ.ಬಿ.ಎಂ. ಪ್ರಯೋಗಾಲಯದಲ್ಲಿ ರೆನಾಲ್ಡ್ ಜಾನ್ಸನ್ ಎಂಬಾತನ ಮುಂದಾಳುತನದಲ್ಲಿ ಸಿದ್ಧವಾದ ರಾಮ್ಯಾಕ್ ಯಂತ್ರವನ್ನು 1956ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ಪ್ರಕಟಿಸಿದರು. ಎರಡಡಿ ಅಗಲದ ಐವತ್ತು ಅಲ್ಯೂಮಿನಿಯಂ ತಟ್ಟೆಗಳು ಒಂದೇ ಅಚ್ಚಿನಲ್ಲಿ ನಿಮಿಷಕ್ಕೆ 1,200 ಸಲ ತಿರುಗುತ್ತಿದ್ದುವು. ತಟ್ಟೆಗಳಿಗೆ ಬಳಿದದ್ದು ಕಬ್ಬಿಣದ ಆಕ್ಸೈಡು ಬೆರೆಸಿದ ಬಣ್ಣ. ಅದನ್ನು ಹೆಂಗಸರ ಕಾಲುಚೀಲದ ಬಟ್ಟೆಯಲ್ಲಿ ಸೋಸಿ, ಕಾಗದದ ಲೋಟದಲ್ಲಿ ಅಳೆದು, ತಿರುಗುವ ತಟ್ಟೆಯ ನಡುವೆ ಸುರಿದು ಹರಡಿಸುತ್ತಿದ್ದರಂತೆ. ದೋಸೆ ಹುಯ್ಯಬಲ್ಲವರಿಗೆ ಈ ವಿದ್ಯೆ ತೀರ ಹೊಸದೇನೂ ಅಲ್ಲ. ಒಂದು ಟನ್ನಿಗೂ ಮಿಕ್ಕಿ ತೂಗುತ್ತಿದ್ದ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಫೋನಿನಲ್ಲಿ ತೆಗೆದ ಒಂದು ಚಿತ್ರ ಅದರಲ್ಲಿ ಹಿಡಿಸುವುದೂ ಅನುಮಾನವೇ.

ಆದರೂ ಅದು ದೊಡ್ಡ ಹೆಜ್ಜೆ. ಅದಕ್ಕೆ ಮುಂಚೆ ಕಂಪ್ಯೂಟರಿನ ಲೆಕ್ಕಪತ್ರಗಳೆಲ್ಲ ತೂತುಬಿದ್ದ ಕಾರ್ಡುಗಳಲ್ಲಿಯೋ ಟೇಪಿನ ಸುರುಳಿಗಳಲ್ಲಿಯೋ ಇರುತ್ತಿದ್ದುವು. ಸುರುಳಿಯ ಕೊನೆಯಲ್ಲಿರುವುದು ಬೇಕಾದರೆ ಸುರುಳಿಯನ್ನೆಲ್ಲ ಬಿಚ್ಚಬೇಕು. ಓಲೆಗರಿಯ ಕಟ್ಟಿನಲ್ಲಾದರೋ ಬೇಕಾದ ಗರಿಯನ್ನು ನೇರವಾಗಿ ಎತ್ತಿ ಓದಬಹುದು. ರಾಮ್ಯಾಕ್ ಮಾಡಿದ್ದೂ ಇದನ್ನೇ. ಅದರ ಉಕ್ಕಿನ ಕೈ ತಟ್ಟೆಗಳ ನಡುವೆ ಓಡಾಡಿ, ಒಂದು ಸೆಕೆಂಡಿನೊಳಗೆ ಬೇಕಾದ ಜಾಗವನ್ನು ಮುಟ್ಟುತ್ತಿತ್ತು.

ಸಿನಿಮಾ ಸಂಕಲನಕಾರರ ಕಷ್ಟವೂ ಸುರುಳಿಯ ಕಷ್ಟವೇ ಆಗಿತ್ತಷ್ಟೆ. ಕತ್ತರಿ, ಅಂಟು, ಗೋಡೆಗೆ ತೂಗಿಹಾಕಿದ ಫಿಲಂ ತುಂಡುಗಳು, ಇವುಗಳ ನಡುವೆ ಅವರು ಹಗಲಿರುಳು ಕೂರುತ್ತಿದ್ದರು. 1989ರಲ್ಲಿ ಅವಿಡ್ ಎಂಬ ಅಮೆರಿಕದ ಕಂಪನಿ ಚಿತ್ರಗಳನ್ನು ತಟ್ಟೆಯಲ್ಲಿಟ್ಟುಕೊಂಡು ಸಂಕಲಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಆ ಕಾಲದ ತಟ್ಟೆಗಳು ಚಿಕ್ಕವು, ದುಬಾರಿ. ಆದುದರಿಂದ ಚಿತ್ರವನ್ನು ಮಸುಕಾಗಿಸಿ, ಕುಗ್ಗಿಸಿ ಒಳಗೆ ಹಾಕಿಕೊಂಡು, ಅದನ್ನೇ ನೋಡಿ ಕತ್ತರಿಸಬೇಕಾದ ಜಾಗಗಳನ್ನು ಗೊತ್ತುಮಾಡುತ್ತಿದ್ದರು. ಆಮೇಲೆ ಆ ಪಟ್ಟಿಯಂತೆ ನಿಜವಾದ ಫಿಲಮನ್ನು ಕತ್ತರಿಸುವುದು. ವಾಲ್ಟರ್ ಮರ್ಚ್ ಹೀಗೆ ಕಂಪ್ಯೂಟರಿನಲ್ಲಿ ಸಂಕಲಿಸಿದ 1996ರ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರಕ್ಕೆ ಸಂಕಲನದ ಆಸ್ಕರ್ ದೊರೆಯಿತು. ಈ ಬಗೆಯಲ್ಲಿ ಸಿದ್ಧವಾದ ಚಿತ್ರಕ್ಕೆ ಆ ಗೌರವ ಸಂದುದು ಅದೇ ಮೊದಲು. ಇಂದು ‘ಪ್ರಾಕ್ಸಿ’ ಎಂದು ಕರೆಯುವ ಉಪಾಯ ಇದರ ಮೊಮ್ಮಗ. ಕಂಪ್ಯೂಟರ್ ಹಳೆಯದು, ತಟ್ಟೆ ನಿಧಾನ ಎನ್ನುವವರು ಹೊಸದನ್ನು ಕೊಳ್ಳುವ ಮೊದಲು ಈ ಉಪಾಯವನ್ನು ಪರೀಕ್ಷಿಸಿ ನೋಡುವುದು ಮೇಲು. ಅದಕ್ಕೆ ಕಾಸಿನ ಖರ್ಚಿಲ್ಲ.

ಇತ್ತ ತಟ್ಟೆಗಳು ಕುಗ್ಗುತ್ತಲೇ ನಡೆದುವು. 1973ರಲ್ಲಿ ಐ.ಬಿ.ಎಂ.ನವರ ‘ವಿಂಚೆಸ್ಟರ್’ ಬಂದು, ತಟ್ಟೆಯೂ ಓದುವ ಮುಳ್ಳೂ ಒಂದೇ ಡಬ್ಬಿಯಲ್ಲಿ ಮುಚ್ಚಿಕೊಂಡು ಕುಳಿತುವು. 1980ರಲ್ಲಿ ಸೀಗೇಟ್ ಕಂಪನಿ ಐದೂಕಾಲು ಇಂಚಿನ, ಐದು ಮೆಗಾಬೈಟಿನ ಡಿಸ್ಕನ್ನು ತಂದಿತು. 1988ರಲ್ಲಿ ಆಲ್ಬರ್ಟ್ ಫೆರ್ಟ್, ಪೀಟರ್ ಗ್ರುನ್‌ಬರ್ಗ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದ ಕಾಂತೀಯ ಪರಿಣಾಮವೊಂದು ತಟ್ಟೆಯ ಮೇಲಿನ ಬರಹವನ್ನು ಅತಿ ಸಣ್ಣದಾಗಿಸಲು ನೆರವಾಯಿತು. 2007ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಒಂದು ಟೆರಾಬೈಟಿನ ಡಿಸ್ಕೂ ಮಾರುಕಟ್ಟೆಗೆ ಬಂತು.

ಗಾತ್ರ ಹೀಗೆ ಲಕ್ಷಾಂತರ ಪಟ್ಟು ಬೆಳೆದರೂ ಒಂದು ಸಂಗತಿ ಮಾತ್ರ ಹೆಚ್ಚು ಮುಂದೆ ಬರಲಿಲ್ಲ. ಕೈ ಓಡಾಡಬೇಕು, ತಟ್ಟೆ ತಿರುಗಿ ಬರಬೇಕು. ನಿಮಿಷಕ್ಕೆ 7,200 ಸಲ ತಿರುಗುವ ತಟ್ಟೆಯಲ್ಲಿಯೂ ಒಂದೊಂದು ಜಿಗಿತಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗವಾದರೂ ಹಿಡಿಯುತ್ತದೆ. ಸಾಮಾನ್ಯ ಕ್ಯಾಮೆರಾದ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಹರಿದರೆ ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ಅಂಥದೊಂದು ಪ್ರವಾಹವನ್ನು ತಿರುಗುವ ತಟ್ಟೆ ಸಲೀಸಾಗಿ ಹೊರುತ್ತದೆ. ಅದು ಸೋಲುವುದು ನಾಲ್ಕು ಕ್ಯಾಮೆರಾಗಳ ವಿಡಿಯೋವನ್ನು ಒಟ್ಟಿಗೆ ಓಡಿಸುವಾಗ, ಇಲ್ಲವೆ ಹತ್ತು ಸಾವಿರ ಫೋಟೋಗಳ ಚಿಕ್ಕ ಪ್ರತಿಗಳನ್ನು ಒಮ್ಮೆಗೆ ಕೇಳುವಾಗ. ಹೊರೆ ಭಾರವಾದುದರಿಂದಲ್ಲ, ಜಿಗಿದು ಜಿಗಿದು ಸುಸ್ತಾಗಿ.

ಆ ಜಾಗಕ್ಕೆ ಬಂದುದು ತಿರುಗದ ಡಿಸ್ಕು. ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೊಕ ಕಂಡುಹಿಡಿದು, 1987ರಲ್ಲಿ ವಿದ್ವಾಂಸರ ಮುಂದಿಟ್ಟ ಫ್ಲಾಶ್ ಚಿಪ್ಪಿನ ವಂಶದ ಎಸ್.ಎಸ್.ಡಿ.ಯಲ್ಲಿ ಕೈಯೂ ಇಲ್ಲ, ತಟ್ಟೆಯೂ ಇಲ್ಲ. ಜಿಗಿತಕ್ಕೆ ಹಿಡಿಯುವ ಹೊತ್ತು ಲೆಕ್ಕಕ್ಕೇ ಬಾರದಷ್ಟು. ಕಂಪ್ಯೂಟರಿನ ಮೂಲ ತಂತ್ರಾಂಶ, ಚಿತ್ರಗಳ ಅನುಕ್ರಮಣಿಕೆ, ಈ ತಿಂಗಳು ಕೈಯಲ್ಲಿರುವ ಕೆಲಸ, ಇವಿಷ್ಟೂ ಅದರಲ್ಲಿರಬೇಕು. ಮುಗಿದ ಕೆಲಸವನ್ನು ಮಾತ್ರ ಹಳೆಯ ಬಗೆಯ ದೊಡ್ಡ ತಟ್ಟೆಗೆ ಸಾಗಿಸಬೇಕು. ಟೆರಾಬೈಟಿನ ಲೆಕ್ಕದಲ್ಲಿ ಅದು ಈಗಲೂ ಅಗ್ಗ. ಎಸ್.ಎಸ್.ಡಿ.ಯನ್ನು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡುವುದೂ ಸರಿಯಲ್ಲ. ಅದರೊಳಗಿನ ವಿದ್ಯುದಂಶ ಮೆಲ್ಲಗೆ ಸೋರಿಹೋಗಬಹುದು.

ದೊಡ್ಡ ತಟ್ಟೆಯಲ್ಲಿಯೂ ಎರಡು ಜಾತಿಯುಂಟು. ಒಂದರಲ್ಲಿ ಬರಹದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಅಂಚನ್ನು ಇನ್ನೊಂದು ಮುಚ್ಚಿಕೊಂಡಿರುತ್ತವೆ. ಜಾಗ ಉಳಿಯುತ್ತದೆ, ನಿಜ. ಆದರೆ ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕು. ಬರೆಯುವ ವೇಗ ಕುಸಿಯುತ್ತದೆ. ಇಂಥವನ್ನು ತಯಾರಕರು ಹೇಳದೆಯೇ ಮಾರಿದ್ದರೆಂಬ ಸಂಗತಿ 2020ರಲ್ಲಿ ಹೊರಬಿದ್ದು ಗದ್ದಲವಾಯಿತು. ತುಂಬಿಸಿ ಇಡುವುದಕ್ಕೆ ಅದು ಸಾಕು. ದಿನವೂ ತಿದ್ದುವ ಕೆಲಸಕ್ಕೆ ಬೇಡ. ಎಸ್.ಎಂ.ಆರ್. ಎಂಬ ಮೂರಕ್ಷರ ಇದೆಯೇ ಎಂದು ಅಂಗಡಿಯಲ್ಲಿ ನಿಂತೇ ವಿಚಾರಿಸಬೇಕು.

ಇನ್ನು ಉಳಿಸಿಕೊಳ್ಳುವ ಮಾತು. ಬರ್ಕಲಿಯ ಮೂವರು ವಿದ್ವಾಂಸರು 1988ರಲ್ಲಿ, ಬೆಲೆಬಾಳುವ ಒಂದು ಡಿಸ್ಕಿನ ಬದಲು ಅಗ್ಗದ ಹಲವನ್ನು ಜೋಡಿಸುವ ‘ರೇಡ್’ ಪದ್ಧತಿಯನ್ನು ವಿವರಿಸಿದರು. ಒಂದು ಸತ್ತರೆ ಉಳಿದವು ಅದರ ಹೊಣೆ ಹೊರುತ್ತವೆ. ಇದನ್ನು ಕಟ್ಟಿಕೊಂಡವರು ತಮಗಿನ್ನು ಭಯವಿಲ್ಲವೆಂದು ನಿಶ್ಚಿಂತರಾಗಿರುವುದನ್ನು ನೋಡಿದ್ದೇನೆ. ಡಿಸ್ಕಿನ ಸಾವಿಗೆ ಅದು ಮದ್ದು, ಮನುಷ್ಯನ ಕೈತಪ್ಪಿಗಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ, ಚಿತ್ರದ ಕಡತಗಳು ಪರದೆಯ ಮೇಲೆ ನೋಡನೋಡುತ್ತಿದ್ದಂತೆಯೇ ಮಾಯವಾದುವು. ಟೇಪಿನಲ್ಲಿದ್ದ ಪ್ರತಿಯನ್ನು ತೆಗೆದರೆ ಅದು ಬಹುಕಾಲದಿಂದ ಸರಿಯಾಗಿ ಬರೆದೇ ಇರಲಿಲ್ಲ, ಪರೀಕ್ಷಿಸಿದವರೂ ಇರಲಿಲ್ಲ. ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಹೆರಿಗೆಯಾದ ಮೇಲೆ ಮನೆಯಿಂದಲೇ ಕೆಲಸಮಾಡಲೆಂದು ಚಿತ್ರದ ಒಂದು ಪ್ರತಿಯನ್ನು ಅಲ್ಲಿಟ್ಟುಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತಂದರು. ಚಿತ್ರ ಉಳಿಯಿತು.

ನಮ್ಮಲ್ಲಿ ಇದು ಹತ್ತನೆಯ ಶತಮಾನದಲ್ಲಿಯೇ ತಿಳಿದಿದ್ದ ವಿಷಯ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯಾದರೋ ದೊರೆಯುತ್ತಿಲ್ಲ.

ಸಾವಿರ ಬೇಡ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ ಲೆಕ್ಕ ಮೂರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಎಂಟು ಟೆರಾಬೈಟಿನ ಒಂದು ಡಿಸ್ಕಿಗೆ ಕೂಡಿಸಿಟ್ಟ ಹಣವಿದ್ದರೆ ನಾನಾದರೆ ನಾಲ್ಕು ಟೆರಾಬೈಟಿನ ಎರಡನ್ನು ಕೊಳ್ಳುವೆ. ಹೊರಗಿನ ಪ್ರತಿ ಬೇರೆ ಊರಿನ ನೆಂಟರ ಬೀರುವಿನಲ್ಲಿದ್ದರೂ ಆದೀತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋದಾಗ ಅದನ್ನು ಹೊರತೆಗೆದು, ತಟ್ಟೆ ತಿರುಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿ, ಹತ್ತಾರು ಚಿತ್ರಗಳನ್ನು ತೆರೆದು ನೋಡಿ, ಆ ವರ್ಷದವನ್ನೂ ಸೇರಿಸಿ ಬರಬಹುದು.