ಟೇಲರ್ ಬಿಟ್ಟ ನೀರು 🧵 ಭಾಗ 4

ಲೇತ್ ಶಾಪ್ ಒಳಗೆ ಇಣುಕಿದ್ದೀರಾ? ಕಬ್ಬಿಣ ಕಡಿಯುವಾಗ ಹಾಲಿನ ಥರ ಬಿಳಿ ನೀರು ಸುರೀತಿರುತ್ತೆ. ಅದು ಕೂಲಂಟ್. 1880ರ ದಶಕದಲ್ಲಿ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ (ಹೌದು, ನಮ್ಮ ಮ್ಯಾನೇಜ್‌ಮೆಂಟ್ ಪೇಪರ್‌ನ ಅದೇ ಟೇಲರ್!) ಕಟಿಂಗ್ ಟೂಲ್ ಮೇಲೆ ಬರೀ ನೀರು ಬಿಟ್ಟೇ 30-40% ವೇಗ ಹೆಚ್ಚಿಸಿದ. ಎಕ್ಸಾಮಲ್ಲಿ ಇದನ್ನ ಯಾರೂ ಕೇಳಲ್ಲ.

ಆಮೇಲೆ ನೀರಿಗೆ ಎಣ್ಣೆ ಬೆರೆಸಿದರು. ಬ್ಯಾಕ್ಟೀರಿಯಾಗೆ ಅದೇ ಊಟ. ಭಾನುವಾರ ಪಂಪ್ ನಿಂತರೆ ಒಳಗೆ ಆಮ್ಲಜನಕ ಮುಗಿದು, ಸೋಮವಾರ ಬೆಳಗ್ಗೆ ಕೊಳೆತ ಮೊಟ್ಟೆ ವಾಸನೆ. ಆಗ ಮೂಗೇ ಟೆಸ್ಟ್ ಕಿಟ್!

ಈಗ ಡಿಪ್ ಸ್ಲೈಡ್ ಇದೆ. ಅಗರ್ ಹಚ್ಚಿದ ಪ್ಲಾಸ್ಟಿಕ್ ಪಟ್ಟಿಯನ್ನ ಕೂಲಂಟ್‌ನಲ್ಲಿ ಅದ್ದಿ, ಎರಡು ದಿನ ಬೆಚ್ಚಗಿಟ್ಟು, ಮೂಡಿದ ಚುಕ್ಕೆಗಳನ್ನ ಚಾರ್ಟ್ ಜೊತೆ ಹೋಲಿಸೋದು. ಒಂದು ಮಿಲಿಲೀಟರ್‌ಗೆ 10 ಲಕ್ಷ ದಾಟಿದರೆ ಟ್ಯಾಂಕ್ ಖಾಲಿ ಮಾಡಿ ತೊಳೀಬೇಕು.

ಇದು ಬರೀ ವಾಸನೆ ವಿಷಯ ಅಲ್ಲ. 2003-04ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಲಾಂಗ್‌ಬ್ರಿಜ್ ಎಂಜಿನ್ ಫ್ಯಾಕ್ಟರಿಯಲ್ಲಿ 87 ಕಾರ್ಮಿಕರಿಗೆ ಶ್ವಾಸಕೋಶದ ಕಾಯಿಲೆ ಬಂತು. ಮಷಿನ್‌ಗಳಿಂದ ಏಳುತ್ತಿದ್ದ ಕೂಲಂಟ್ ಮಂಜನ್ನೇ ಅವರು ಉಸಿರಾಡ್ತಿದ್ದರು.

ಸ್ಲೈಡ್‌ಗೂ ಮಿತಿ ಇದೆ. ನಿಧಾನವಾಗಿ ಬೆಳೆಯೋ ಮೈಕೋಬ್ಯಾಕ್ಟೀರಿಯಾ ಎರಡು ದಿನದಲ್ಲಿ ಕಾಣಿಸಲ್ಲ. ಔಷಧಿ ಹಾಕಿ ಎಲ್ಲವನ್ನೂ ಕೊಂದರೂ, ಸತ್ತ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಆ ಮಂಜಲ್ಲೇ ಇರುತ್ತೆ. ಸ್ಲೈಡ್ ಮಾತ್ರ ಕ್ಲೀನ್.